ರೊಬಸ್ಟಾ ಕಾಫಿಯ ಹೂವೂ ಜೇನ್ನೊಣಗಳೂ

ಕಾಫಿ ಗಿಡದಲ್ಲಿ ಹೂವು ಹೇರಳವಾಗಿ ಬಿಟ್ಟ ಮಾತ್ರಕ್ಕೆ ಫಸಲೂ ಹೇರಳವಾಗುವುದೆಂದು ನಂಬಲಾಗದು. ಹೂವು ಕಾಯಿಕಚ್ಚಬೇಕಾದರೆ ಪರಾಗವು ಶಲಾಕೆಯ ತುದಿಯನ್ನು ಸೇರಬೇಕು. ಅರೇಬಿಕಾ ಗಿಡವು ತನ್ನ ಪರಾಗದಿಂದಲೇ ಕಾಯಿಕಚ್ಚಬಲ್ಲದು. ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗವೇ ಆಗಬೇಕು. ಒಂದೇ ತಾಯಿಗಿಡದ ಕಡ್ಡಿಗಳಿಂದ ಬೆಳೆಸಿದ ಗಿಡಗಳು ಒಂದಕ್ಕೊಂದು ಒದಗಲಾರವು. ಈ ಪರಾಗವನ್ನು ಗಾಳಿಯು ಸ್ವಲ್ಪಮಟ್ಟಿಗೆ ಒಯ್ಯುವುದು; ಮಿಕ್ಕ ಕೆಲಸವು ಜೇನ್ನೊಣಗಳದು.

ಕೊಡಗಿನ ತೋಟಗಳಲ್ಲಿ ಈ ಕೆಲಸವನ್ನು ಮುಖ್ಯವಾಗಿ ಮೂರು ಜಾತಿಯ ಜೇನುಗಳು ಮಾಡುವುವು: ಹೆಜ್ಜೇನು, ತುಡುವೆ, ಮುಜಂಟಿ. ಯಾವ ತೋಟಕ್ಕೆ ಯಾವುದು ಬರುವುದೆಂಬುದು ಆ ಸ್ಥಳದ ಸ್ಥಿತಿಯನ್ನು ಅವಲಂಬಿಸಿದೆ.

ಮೊದಲನೆಯದು ನೀರು. ಮಾರ್ಚಿ-ಏಪ್ರಿಲ್ ತಿಂಗಳುಗಳಲ್ಲಿ ಹೂಮಳೆ ಬಿದ್ದ ಸುಮಾರು 7ರಿಂದ 10 ದಿನಗಳಲ್ಲಿ ಬೆಟ್ಟವೆಲ್ಲವೂ ಏಕಕಾಲದಲ್ಲಿ ಬೆಳ್ಳಗಾಗುವುದು. ದೂರ ಹಾರಬಲ್ಲ ಹೆಜ್ಜೇನು ಇಂತಹ ವಿಸ್ತಾರವಾದ ಹೂವಿಗೆ ಗುಂಪುಗುಂಪಾಗಿ ಮುತ್ತುವುದು. ತುಂತುರು ನೀರಾವರಿಯಿಂದ ಮುಂಚಿತವಾಗಿ ಅರಳಿಸಿದ ಸಣ್ಣ ತಾಕಿಗೆ ಹೆಜ್ಜೇನು ಬಾರದಿದ್ದರೆ, ಅಲ್ಲಿಯೇ ನೆಲೆಸಿರುವ ತುಡುವೆ, ಮುಜಂಟಿಗಳೇ ಗತಿ.

ಎರಡನೆಯದು ಮರ. ಹೆಜ್ಜೇನು ಎತ್ತರವಾದ ಮರಗಳ ಕೊಂಬೆಗಳಲ್ಲಿಯೂ ಬಂಡೆಗಳಲ್ಲಿಯೂ ಬಯಲಿನ ಹುಟ್ಟು ಕಟ್ಟುವುದು. ತುಡುವೆಗೆ ಮರದ ಪೊಟರೆ ಅಥವಾ ಪೆಟ್ಟಿಗೆ ಬೇಕು. ಮುಜಂಟಿಯು ಗೋಡೆ, ಮರಗಳ ಸಂದಿನಲ್ಲಿ ವಾಸಿಸುವುದು. ಅದು ಬಹುದೂರ ಹಾರಲಾರದು. ನೆರಳುಮರಗಳನ್ನು ಕಡಿದ ತೋಟದಲ್ಲಿ ಈ ನೆಲೆಗಳು ಒಂದೊಂದಾಗಿ ಇಲ್ಲವಾಗುವುವು.

ಮೂರನೆಯದು ಹವೆ. ಕಾಫಿಯ ಹೂವು ಬಾಳುವುದು ಎರಡು ಮೂರು ದಿನ ಮಾತ್ರ. ಆಗ ಮಳೆ ಸುರಿದರೆ ಜೇನು ಹಾರದು, ಪರಾಗವೂ ತೊಯ್ದು ಕೆಡುವುದು.

ಒಂದೇ ಜಾತಿಯನ್ನು ನೆಚ್ಚಿ ಕೂರುವುದೂ ಅಪಾಯಕರ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗವು ಕರ್ನಾಟಕ, ಕೇರಳಗಳಲ್ಲಿ ಹರಡಿ ತುಡುವೆಯ ಕುಟುಂಬಗಳು ಅಪಾರವಾಗಿ ನಾಶವಾದುವು. ಪೆಟ್ಟಿಗೆಗಳು ಬರಿದಾದಾಗ ಹೂವಿಗೆ ಉಳಿಯುವುದು ಕಾಡಿನ ಜೇನೇ.

ಆದುದರಿಂದ ತೋಟದ ಮಾಲೀಕರು ಹೂವರಳಿದ ದಿನ ಬೆಳಿಗ್ಗೆ ತೋಟದಲ್ಲಿ ಸುತ್ತಿ, ಯಾವ ಜೇನು ಎಷ್ಟು ಬಂದಿದೆಯೆಂಬುದನ್ನು ಕಣ್ಣಾರೆ ನೋಡಿ ಬರೆದಿಡತಕ್ಕದ್ದು. ಹೂವಿನ ಕಾಲದಲ್ಲಿ ಕೀಟನಾಶಕ ಸಿಂಪಡಿಸಕೂಡದು. ಕಡ್ಡಿಗಿಡಗಳನ್ನು ನೆಡುವಾಗ ಬೇರೆ ಬೇರೆ ತಾಯಿಗಿಡಗಳವನ್ನು ಬೆರೆಸಿ ನೆಡುವುದು ಲೇಸು. ಕಾಫಿಯ ಹೂವು ಮುಗಿದ ಮೇಲೆಯೂ ಜೇನಿಗೆ ಆಹಾರ ಸಿಕ್ಕುವಂತೆ ಬೇರೆ ಬೇರೆ ಕಾಲಗಳಲ್ಲಿ ಹೂಬಿಡುವ ಮರಗಳನ್ನು ಉಳಿಸಬೇಕು.

ರಾತ್ರಿ ಪಂಜು ಹಿಡಿದು ಹೆಜ್ಜೇನನ್ನು ಸುಟ್ಟು ಜೇನು ಕೀಳುವ ಪದ್ಧತಿಯನ್ನು ಗ್ರಾಮದ ಮುಖಂಡರು ತಡೆಯಬೇಕು. ಒಬ್ಬನ ಮರದಲ್ಲಿ ಕಟ್ಟಿದ ಹುಟ್ಟು ನೆರೆಯ ಹತ್ತು ತೋಟಗಳಿಗೆ ದುಡಿಯುವುದು. ಅದನ್ನು ಸುಟ್ಟರೆ ದೊರೆಯುವುದು ಕೆಲವು ಸೇರು ಜೇನು, ಹೋಗುವುದು ಊರಿನ ಫಸಲು.