ಗಂಧಪುರದ ಗಿಡವೂ ಅದರ ತೈಲವೂ

ನೀಲಗಿರಿಯ ಎತ್ತರವಾದ ಪ್ರದೇಶಗಳಲ್ಲಿ, ಶೋಲಾ ಕಾಡುಗಳ ಅಂಚಿನಲ್ಲಿ, ಸಾಮಾನ್ಯವಾಗಿ ಆಳೆತ್ತರವನ್ನು ಮೀರದ ಒಂದು ಪೊದೆಯು ತಾನಾಗಿಯೇ ಬೆಳೆಯುವುದು. ವೈದ್ಯರು ಇದನ್ನು ಗಂಧಪುರವೆಂದೂ ಸಸ್ಯಶಾಸ್ತ್ರಜ್ಞರು ಗಾಲ್ತೀರಿಯ ಫ್ರಾಗ್ರಾಂಟಿಸ್ಸಿಮ ಎಂದೂ ಕರೆಯುವರು. ಅಲ್ಲಿಯ ಕೆಂಪು ಹೂವಿನ ರೊಡೊಡೆಂಡ್ರನ್ ಮರವೂ ಇದರ ಕುಟುಂಬಕ್ಕೇ ಸೇರಿದುದು. ಹೂಗಳು ಬೆಳ್ಳಗೆ, ಸಣ್ಣ ಕುಂಭಗಳಂತೆ ಗೊಂಚಲಾಗಿರುವುವು, ಹಣ್ಣು ಕಡುನೀಲಿ. ಎಲೆಯನ್ನು ಹಿಸುಕಿದರೆ ಕೀಲುನೋವಿನ ಮುಲಾಮಿನ ವಾಸನೆಯೇ ಬರುವುದರಿಂದ ಗುರುತು ತಪ್ಪಲಾರದು.

ಈ ವಾಸನೆಗೆ ಕಾರಣವು ಮೀಥೈಲ್ ಸ್ಯಾಲಿಸಿಲೇಟ್ ಎಂಬ ದ್ರವ. ತೈಲದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಭಾಗ ಇದೇ ಆಗಿರುವುದು. ಆದರೆ ಹಸಿ ಎಲೆಯಲ್ಲಿ ಇದು ಬಹುಮಟ್ಟಿಗೆ ಸಕ್ಕರೆಯೊಡನೆ ಕೂಡಿಕೊಂಡಿದ್ದು, ಆವಿಯೊಡನೆ ಹೊರಬರಲಾರದು. ಎಲೆಯನ್ನು ಕತ್ತರಿಸಿ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ನೆನೆಯಿಟ್ಟರೆ ಎಲೆಯಲ್ಲಿಯೇ ಇರುವ ಕಿಣ್ವವು ಅದನ್ನು ಬಿಡಿಸುವುದು. ಆತುರದಿಂದ ಕುದಿಯುವ ನೀರಿಗೇ ಹಾಕಿದಲ್ಲಿ ಕಿಣ್ವವು ನಾಶವಾಗಿ, ಸೌದೆಯೂ ಶ್ರಮವೂ ವ್ಯರ್ಥವಾಗುವುವು.

ಭಟ್ಟಿ ಇಳಿಸುವಾಗ ಇನ್ನೊಂದು ವಿಷಯವನ್ನು ಗಮನಿಸತಕ್ಕದ್ದು. ನೀಲಗಿರಿ ಎಣ್ಣೆಯು ನೀರಿನ ಮೇಲೆ ತೇಲುವುದು. ಗಂಧಪುರದ ತೈಲವಾದರೋ ನೀರಿಗಿಂತ ಭಾರವಾದ್ದರಿಂದ ತಳಕ್ಕಿಳಿಯುವುದು. ಆದುದರಿಂದ ತೈಲವನ್ನು ಹಿಡಿಯುವ ಪಾತ್ರೆಗೆ ತೂಬು ಕೆಳಗಿರಬೇಕು. ನೀಲಗಿರಿ ಎಣ್ಣೆಯ ಪಾತ್ರೆಯನ್ನೇ ಇಟ್ಟು ಮೇಲಿನ ನೀರನ್ನು ತೆಗೆದಿಟ್ಟುಕೊಂಡು ತಳದ್ದನ್ನು ಚೆಲ್ಲಿದರೆ ಆಗುವ ನಷ್ಟವನ್ನು ಹೇಳಬೇಕಾದುದಿಲ್ಲ.

100 ಕಿಲೋಗ್ರಾಂ ಎಲೆಗೆ ಅನೇಕ ವೇಳೆ 1 ಕಿಲೋಗ್ರಾಂ ತೈಲವೂ ದೊರೆಯದು. ಕಾರ್ಖಾನೆಗಳಲ್ಲಿ ಸ್ಯಾಲಿಸಿಲಿಕ್ ಆಮ್ಲದಿಂದ ತಯಾರಾಗುವ ಅಗ್ಗದ ಸರಕು ಪೇಟೆಯಲ್ಲಿ ಎದುರಾಳಿಯಾಗಿದೆ. ಹೀಗಿರುವಲ್ಲಿ ಲಾಭದಾಸೆಯಿಂದ ಗಿಡವನ್ನು ಬೇರುಸಹಿತ ಕೀಳುವುದು ಮೂರ್ಖತನವೇ ಸರಿ. ಸ್ವಂತ ಜಮೀನಿನಲ್ಲಾದರೆ ಎಳೆಯ ರೆಂಬೆಗಳನ್ನು ಮಾತ್ರ ಕೊಯ್ದು, ಬುಡವನ್ನು ಚಿಗುರಲು ಬಿಡತಕ್ಕದ್ದು. ಸರ್ಕಾರದ ಅರಣ್ಯದಲ್ಲಿ ಅನುಮತಿಯಿಲ್ಲದೆ ಕೈಯಿಡಕೂಡದು. ಬಯಲುಸೀಮೆಯವರು ಸಸಿ ತರಿಸಿ ನೆಡುವುದು ಹಣದ ದಂಡ. ಈ ಗಿಡಕ್ಕೆ ಹುಳಿಗುಣದ ಮಣ್ಣೂ ಬೆಟ್ಟದ ತಂಪೂ ಬೇಕು. ಸುಣ್ಣದಂಶವುಳ್ಳ ಎರೆಭೂಮಿ ಇದಕ್ಕೆ ಒಗ್ಗದು.

ತೈಲವನ್ನು ಮನೆಯಲ್ಲಿಡುವವರು ಅದು ವಿಷವೆಂಬುದನ್ನು ಮರೆಯಕೂಡದು. ಒಂದು ಟೀ ಚಮಚದಷ್ಟು, ಎಂದರೆ 5 ಮಿಲಿಲೀಟರ್, ಸುಮಾರು 20 ಆಸ್ಪಿರಿನ್ ಮಾತ್ರೆಗಳಿಗೆ ಸಮ. ಚಿಕ್ಕ ಮಗುವಿನ ಪ್ರಾಣಕ್ಕೆ ಅಷ್ಟೇ ಸಾಕು. ವಾಸನೆಯು ಮಿಠಾಯಿಯಂತಿರುವುದರಿಂದ ಮಕ್ಕಳು ಕುಡಿಯುವ ಭಯ ಹೆಚ್ಚು. ಸೀಸೆಗೆ ಚೀಟಿ ಅಂಟಿಸಿ ಬೀಗದೊಳಗಿಡಬೇಕು. ಯಾರಾದರೂ ನುಂಗಿದರೆ ಲಕ್ಷಣಗಳು ಕಾಣಲೆಂದು ಕಾಯದೆ, ವಾಂತಿ ಮಾಡಿಸಲೂ ಹೋಗದೆ, ಸೀಸೆಯೊಡನೆ ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು.