ಒಂದು ಸ್ಟಾರ್ ಕೊಟ್ಟಿದ್ದಕ್ಕೆ ಲೀಗಲ್ ನೋಟಿಸ್ (ಅಪೊಸ್ತಲರ ಕೃತ್ಯಗಳು 16:16-40)

ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆಗೀರಿ, 16ನೇ ವಚನದಿಂದ. ಫೋನಲ್ಲಿ ಓದುವವರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ಫಿಲಿಪ್ಪಿ ಪಟ್ಟಣದಲ್ಲಿ ಕಣಿ ಹೇಳುವ ಒಬ್ಬ ದಾಸಿ ಇದ್ದಳು. ಕಣಿ ಅವಳದು, ಕಾಸು ಯಜಮಾನರದು. ಒಂದು ವಿಷಯ ಗಮನಿಸಿ: ಅವಳು ಪೌಲನ ಹಿಂದೆ ಕೂಗಿಕೊಂಡು ಹೋದದ್ದು ಸುಳ್ಳಲ್ಲ. ಇವರು ಪರಾತ್ಪರನಾದ ದೇವರ ಸೇವಕರು ಅಂತಲೇ ಹೇಳಿದಳು. "ಅವರು ನನ್ನ ವಿಷಯ ಎಲ್ಲಾ ಕರೆಕ್ಟಾಗಿ ಹೇಳಿಬಿಟ್ರು ಪಾಸ್ಟರ್" ಅಂತ ಯಾರಾದ್ರೂ ಬಂದಾಗ ನನಗೆ ಈ ವಚನ ನೆನಪಾಗತ್ತೆ. ಮಾತು ಸರಿಯಾದ ಮಾತ್ರಕ್ಕೆ ಅದರ ಹಿಂದಿನ ಆತ್ಮ ಸರಿ ಅಂತಲ್ಲ.

ಪೌಲನು ಯೇಸುವಿನ ಹೆಸರಿನಲ್ಲಿ ಅವಳನ್ನು ಬಿಡಿಸಿದ. 19ನೇ ವಚನ ನೋಡಿ. ಯಜಮಾನರಿಗೆ ಕಂಡದ್ದು ಹುಡುಗಿಯ ಬಿಡುಗಡೆ ಅಲ್ಲ, ಕೈತಪ್ಪಿದ ಆದಾಯ. ಪೌಲ ಸೀಲರನ್ನು ಅಧಿಕಾರಿಗಳ ಮುಂದೆ ಎಳಕೊಂಡು ಹೋದರು. ಅಲ್ಲಿ "ನಮ್ಮ ಬಿಸಿನೆಸ್ ಹೋಯ್ತು" ಅಂದ್ರಾ? ಇಲ್ಲ. ಇವರು ಯೆಹೂದ್ಯರು, ಊರು ಕದಡ್ತಾ ಇದ್ದಾರೆ, ರೋಮನ್ನರಿಗೆ ಸಲ್ಲದ ಆಚಾರ ಕಲಿಸ್ತಿದ್ದಾರೆ ಅಂತ ದೂರು ಕೊಟ್ಟರು. ಪೆಟ್ಟು ಬಿದ್ದದ್ದು ಜೇಬಿಗೆ, ದೂರು ಮಾತ್ರ ಊರಿನ ಹೆಸರಲ್ಲಿ.

ನಮ್ಮ ಸಭೆಯ ಒಬ್ಬ ತಂಗಿ ಫೋನಲ್ಲಿ ಭವಿಷ್ಯ ಹೇಳುವವರಿಗೆ ಹಣ ಕಟ್ಟಿ, ಹೇಳಿದ್ದು ಆಗದೆ, ಒಂದು ಸ್ಟಾರ್ ಕೊಟ್ಟು ನಾಲ್ಕು ಸಾಲು ಬರೆದಳು. ವಾರದಲ್ಲಿ ನೋಟಿಸ್: ರಿವ್ಯೂ ತೆಗಿ, ಕ್ಷಮೆ ಕೇಳು, ಇಲ್ಲಾಂದ್ರೆ ಮಾನನಷ್ಟ ಮೊಕದ್ದಮೆ. ಕೋರ್ಟಿಗಿಂತ ಹೆಚ್ಚಾಗಿ ಅವಳು ಹೆದರಿದ್ದು ನಮಗೆ. ವಿಶ್ವಾಸಿಯಾಗಿದ್ದೂ ಅಲ್ಲಿಗೆ ಹೋದಳಂತೆ ಅಂತ ಸಭೆಯವರು ಆಡಿಕೊಳ್ತಾರೆ ಅಂತ. ಯಾಜಕಕಾಂಡ 19:31 ಅದನ್ನು ಬೇಡ ಅನ್ನತ್ತೆ, ನಿಜ. ಆ ವಚನ ನಾನು ಸಡಿಲ ಮಾಡಲ್ಲ. ಆದ್ರೆ ಇಂಥವರು ಉಳ್ಕೊಳ್ಳೋದೇ ನಮ್ಮ ಮಕ್ಕಳ ನಾಚಿಕೆಯ ಮೇಲೆ.

ಸ್ವಲ್ಪ ಕಾನೂನು ಹೇಳ್ತೀನಿ, ಬೇಜಾರಾಗಬೇಡಿ. ವಕೀಲರ ನೋಟಿಸ್ ಕೋರ್ಟಿನ ತೀರ್ಪಲ್ಲ. ಅದು ಒಂದು ಕಡೆಯವರು ಬರೆದ ಪತ್ರ. ಹಾಗಂತ ಹರಿದು ಬಿಸಾಕೋದೂ ಜಾಣತನ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನಹಾನಿಗೆ ಎರಡು ವರ್ಷದವರೆಗೆ ಶಿಕ್ಷೆ ಆಗಬಹುದು. ಅದೇ ಸೆಕ್ಷನ್ನಿನ ಮೊದಲನೇ ವಿನಾಯಿತಿ ಏನು ಅಂದ್ರೆ, ಹೇಳಿದ್ದು ಸತ್ಯವಾಗಿದ್ದು ಸಾರ್ವಜನಿಕರ ಒಳಿತಿಗಾಗಿದ್ದರೆ ಅದು ಮಾನಹಾನಿ ಅಲ್ಲ. ಎರಡೂ ಬೇಕು, ಸತ್ಯವೂ ಬೇಕು, ಒಳಿತೂ ಬೇಕು. ಹಣ ಹೋಗಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು.

ಇನ್ನೊಂದು ಕಡೆ ಕೇಳಿ. ಬ್ರಿಟನ್ನಿನಲ್ಲಿ ಸ್ಯಾಲಿ ಮಾರ್ಗನ್ ಅಂತ ಹೆಸರಾಂತ ಮಹಿಳೆ, ಸತ್ತವರ ಜೊತೆ ಮಾತಾಡ್ತೀನಿ ಅಂತ ಥಿಯೇಟರ್ ತುಂಬಿಸುವವರು. 2011ರಲ್ಲಿ ಡಬ್ಲಿನ್ ಪ್ರದರ್ಶನ ಆದ ಮೇಲೆ, ಯಾರೋ ಹಿಂದಿನಿಂದ ಅವರಿಗೆ ಮಾಹಿತಿ ಕೊಡ್ತಿದ್ದರು ಅನ್ನೋ ಅನುಮಾನ ಹಬ್ಬಿತು. ಡೈಲಿ ಮೇಲ್ ಪತ್ರಿಕೆ ಕಿವಿಯಲ್ಲಿ ಅಡಗಿಸಿಟ್ಟ ಸಾಧನದ ಮೂಲಕ ಮೋಸ ಅಂತ ಬರೆಯಿತು. ಅವರು ಕೇಸ್ ಹಾಕಿದರು. 2013ರಲ್ಲಿ ಪತ್ರಿಕೆ ಅದು ಸತ್ಯವಲ್ಲ ಅಂತ ಒಪ್ಪಿ, ಕ್ಷಮೆ ಕೇಳಿ, 1,25,000 ಪೌಂಡ್ ಪರಿಹಾರ ಕೊಟ್ಟಿತು. ಸತ್ತವರು ಅವರ ಜೊತೆ ನಿಜವಾಗಿ ಮಾತಾಡ್ತಾರೆ ಅಂತ ಅದರಿಂದ ಸಾಬೀತಾಯ್ತಾ? ಆಗಲಿಲ್ಲ. ತೋರಿಸಲಾಗದ ಒಂದು ಆಪಾದನೆ ಬಿದ್ದುಹೋಯ್ತು, ಅಷ್ಟೇ.

ವಿಮೋಚನಕಾಂಡ 20:16, ಸುಳ್ಳುಸಾಕ್ಷಿ ಬೇಡ ಅನ್ನೋ ಆಜ್ಞೆ ಕಣಿ ಹೇಳುವವನ ಪಾಲಿಗೂ ಅನ್ವಯಿಸತ್ತೆ. ಅವನೂ ನಿನ್ನ ನೆರೆಯವನೇ. "ಇಂಥ ದಿನ ಇಷ್ಟು ಕಟ್ಟಿದೆ, ಇಷ್ಟರೊಳಗೆ ಕೆಲಸ ಸಿಗತ್ತೆ ಅಂದ್ರು, ಸಿಗಲಿಲ್ಲ, ಹಣ ವಾಪಸ್ ಕೇಳಿದೆ, ನಂಬರ್ ಬ್ಲಾಕ್ ಮಾಡಿದ್ರು." ಇದು ಸಾಕ್ಷಿ. "ಇವನು ಕಳ್ಳ, ಸಾವಿರ ಮನೆ ಹಾಳು ಮಾಡಿದ್ದಾನೆ." ಸಾವಿರ ಎಣಿಸಿದವರು ಯಾರು? ಆ ತಂಗಿಯ ರಿವ್ಯೂ ನಾವು ಕೂತು ಓದಿದೆವು. ಮೂರು ಸಾಲು ಕಂಡದ್ದು, ಒಂದು ಸಾಲು ಸಿಟ್ಟು. ಆ ಒಂದು ಸಾಲು ತೆಗೆದಳು. ಉಳಿದ ಮೂರು ಹಾಗೇ ಇವೆ.

ಈಗ ಆಮೆನ್ ಕಡಿಮೆ ಆಗತ್ತೆ, ನನಗೆ ಗೊತ್ತು. ಇದೇ ಬೆದರಿಕೆ ನಮ್ಮ ಪೆಂತೆಕೊಸ್ತ ವೇದಿಕೆಗಳಲ್ಲಿ ಇಲ್ವಾ? "ಮೂರು ತಿಂಗಳಲ್ಲಿ ವೀಸಾ" ಅಂತ ಪ್ರವಾದನೆ ಆಗತ್ತೆ, ಬರಲ್ಲ. ಹುಡುಗ ಕೇಳಿದ್ರೆ, "ಅಭಿಷಿಕ್ತರನ್ನು ಮುಟ್ಟಬೇಡ, ಶಾಪ ತಟ್ಟತ್ತೆ." ಅದು ವಕೀಲರಿಲ್ಲದ ಲೀಗಲ್ ನೋಟಿಸ್! ಧರ್ಮೋಪದೇಶಕಾಂಡ 18:22 ಓದಿ: ಕರ್ತನ ಹೆಸರಲ್ಲಿ ಹೇಳಿದ್ದು ನಡೆಯದಿದ್ದರೆ ಅದು ಕರ್ತನ ಮಾತಲ್ಲ, ಆ ಪ್ರವಾದಿಗೆ ಹೆದರಬೇಕಾಗಿಲ್ಲ. 1 ಥೆಸಲೋನಿಕ 5ರಲ್ಲಿ ಪೌಲ ಪ್ರವಾದನೆಯನ್ನು ಹೀನೈಸಬೇಡಿ ಅಂತಾನೆ, ಅದೇ ಉಸಿರಲ್ಲಿ ಎಲ್ಲವನ್ನೂ ಪರೀಕ್ಷಿಸಿ ಅಂತಾನೆ. ಬೆರೋಯದವರು ಪೌಲನ ಬೋಧನೆಯನ್ನೇ ದಿನಾ ಶಾಸ್ತ್ರದ ಜೊತೆ ಹೋಲಿಸಿ ನೋಡಿದರು. ಅದಕ್ಕೆ ಅವರಿಗೆ ಶಾಪ ಸಿಗಲಿಲ್ಲ, ಒಳ್ಳೇ ಹೆಸರು ಸಿಕ್ಕಿತು. ನಾನು ಈ ವೇದಿಕೆಯಿಂದ ಹೇಳಿದ್ದು ತಪ್ಪಾದ್ರೆ ಬಂದು ಕೇಳಿ. ಕೇಳಿದವರಿಗೆ ಈ ಸಭೆಯಲ್ಲಿ ಶಾಪ ಇಲ್ಲ.

ಕೊನೆಗೆ 37ನೇ ವಚನ. ಬೆಳಿಗ್ಗೆ ಅಧಿಕಾರಿಗಳು "ಹೋಗಲಿ ಬಿಡಿ" ಅಂತ ಹೇಳಿ ಕಳಿಸಿದರು. ಪೌಲ ಸ್ತೋತ್ರ ಅಂತ ಹೊರಟುಬಿಡಲಿಲ್ಲ. ವಿಚಾರಣೆಯಿಲ್ಲದೆ ರೋಮಾಪುರದ ಹಕ್ಕುಳ್ಳವರನ್ನು ಎಲ್ಲರ ಮುಂದೆ ಹೊಡೆಸಿ ಈಗ ಗುಟ್ಟಾಗಿ ಕಳಿಸ್ತಾರಾ, ಅವರೇ ಬರಲಿ ಅಂದ. ಅವರೇ ಬಂದು ಬೇಡಿಕೊಂಡರು. ರಾತ್ರಿ ಹಾಡಿದ ಅದೇ ಬಾಯಿ ಬೆಳಿಗ್ಗೆ ಕಾನೂನು ಮಾತಾಡಿತು.

ನಿಮ್ಮಲ್ಲಿ ಯಾರ ಹತ್ರ ಅಂಥ ನೋಟಿಸ್ ಇದ್ರೂ ಫೋನಲ್ಲಿ ಬಚ್ಚಿಟ್ಕೊಂಡು ಕೂರಬೇಡಿ. ಪ್ರಾರ್ಥನೆ ಆದ ಮೇಲೆ ಎಡಗಡೆ ರೂಮಿಗೆ ಬನ್ನಿ. ಹಣ ಕಟ್ಟಿದ ರಸೀದಿ, ಚಾಟ್‌ನ ಸ್ಕ್ರೀನ್‌ಶಾಟ್ ತನ್ನಿ. ನಮ್ಮ ವಕೀಲ ಅಣ್ಣ ಇವತ್ತು ಇರ್ತಾರೆ. ಅಲ್ಲಿಗೆ ಯಾಕೆ ಹೋದೆ ಅಂತ ಮೊದಲು ಯಾರೂ ಕೇಳಲ್ಲ.