ಚಳಿಗಾಲದ ನಸುಕಿನಲ್ಲಿ ಟ್ರ್ಯಾಕ್ಟರಿನ ಎಂಜಿನನ್ನು ಬಿಸಿ ಮಾಡಿಕೊಳ್ಳುವ ಕ್ರಮ

ಘಟಪ್ರಭೆಯ ಕಾಲುವೆಗಳ ಆಸರೆಯುಳ್ಳ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬಿನ ಕಟಾವೂ ಚಳಿಯೂ ಒಂದೇ ಕಾಲಕ್ಕೆ ಬರತಕ್ಕವು. ಕಾರ್ತಿಕ ಮಾಸವು ಕಳೆಯುವ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳು ನಡೆಯುತ್ತಿರುತ್ತವೆ. ಕುಲಗೋಡದ ಸುತ್ತಿನ ಒಕ್ಕಲಿಗರು ಹುಣಶ್ಯಾಳ, ಪ್ರಭಾನಗರ, ಸಮೀರವಾಡಿಗಳ ಕಡೆಗೆ ಎರಡೆರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳನ್ನು ಹೊಡೆಯುತ್ತಾರೆ. ಮಾರ್ಗಶಿರ, ಪುಷ್ಯ ಮಾಸಗಳ ನಸುಕಿನಲ್ಲಿ ಇಲ್ಲಿಯ ಉಷ್ಣಮಾನವು ೧೦ರಿಂದ ೧೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಇಳಿಯುವುದುಂಟು. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ತಮ್ಮಣ್ಣನ ಊರಾದ ಕುಲಗೋಡದಲ್ಲಿ ಬೆಳತನಕ ಕುಳಿತು ಆಟ ನೋಡಿದವರಿಗೆ ಈ ಚಳಿಯನ್ನು ವರ್ಣಿಸಬೇಕಾದ್ದಿಲ್ಲ. ಮನುಷ್ಯನಿಗೆ ಒಂದು ಕಂಬಳಿಯಿಂದ ತೀರುವ ಚಳಿ ಇದು. ಆದರೆ ರಾತ್ರಿಯೆಲ್ಲ ಬಯಲಿನಲ್ಲಿ ನಿಂತ ಎಂಜಿನಿಗೆ ಇಷ್ಟೇ ಚಳಿಯು ಸಾಕಷ್ಟು ಕೇಡು ಮಾಡಬಲ್ಲದು. ಕಡಿದ ಕಬ್ಬು ಒಂದು ದಿವಸಕ್ಕಿಂತ ಹೆಚ್ಚು ಕಾಲ ಬಿದ್ದುಕೊಂಡರೆ ತೂಕದಲ್ಲಿಯೂ ಸಕ್ಕರೆಯ ಅಂಶದಲ್ಲಿಯೂ ಇಳಿಯುತ್ತದೆ. ಆದಕಾರಣ ಬೆಳಿಗ್ಗೆ ಚಾಲೂ ಆಗದೆ ನಿಂತ ಟ್ರ್ಯಾಕ್ಟರು ಕಟಾವಿನ ಗ್ಯಾಂಗಿನ ಕೂಲಿಯನ್ನೂ ಕಬ್ಬಿನ ತೂಕವನ್ನೂ ಕಾರ್ಖಾನೆಯ ಪಾಳಿಯನ್ನೂ ಒಟ್ಟಿಗೇ ಕೆಡಿಸುತ್ತದೆ.

ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತನು ೧೮೯೭ರಲ್ಲಿ ನಡೆಸಿ ತೋರಿಸಿದ ಯಂತ್ರದ ತತ್ವವೇ ಬೇರೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡವು ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಅದರಂತೆಯೇ ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ೧೬ರಿಂದ ೧೮ರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದಾಗ ಅದು ೫೦೦ ಡಿಗ್ರಿಗೂ ಮೇಲೆ ಕಾಯುತ್ತದೆ. ಆ ಕಾವಿಗೆ ಡೀಸೆಲ್ಲು ತಾನಾಗಿ ಹೊತ್ತುತ್ತದೆ. ಚಳಿಯಲ್ಲಿ ಸಿಲಿಂಡರಿನ ತಣ್ಣನೆಯ ಗೋಡೆಗಳು ಈ ಕಾವನ್ನು ಹೀರಿಕೊಳ್ಳುತ್ತವೆ. ಗಟ್ಟಿಯಾದ ಆಯಿಲಿನಿಂದ ಎಂಜಿನು ಭಾರವಾಗಿ ತಿರುಗುತ್ತದೆ. ಅದೇ ವೇಳೆಗೆ ಬ್ಯಾಟರಿಯ ಬಲವೂ ಕುಗ್ಗಿರುತ್ತದೆ. ವೈಶಾಖದಲ್ಲಿ ಒಂದೇ ಸಲಕ್ಕೆ ಎಂಜಿನನ್ನು ಎಬ್ಬಿಸುತ್ತಿದ್ದ ಹಳೆಯ ಬ್ಯಾಟರಿಯು ಪುಷ್ಯದಲ್ಲಿ ಸೋಲುವುದು ಈ ಕಾರಣದಿಂದಲೇ.

ಚಾಲೂ ಮಾಡುವಾಗ ಗೇರು ನ್ಯೂಟ್ರಲಿನಲ್ಲಿ ಇದೆಯೆಂದು ಕೈಯಿಂದಲೇ ನೋಡಿಕೊಳ್ಳತಕ್ಕದ್ದು. ಕ್ಲಚ್ಚನ್ನು ಪೂರ್ತಿ ತುಳಿದರೆ ಗೇರುಪೆಟ್ಟಿಗೆಯ ಮಂದವಾದ ಎಣ್ಣೆಯನ್ನು ಕಲಕುವ ಭಾರವು ಸೆಲ್ಫಿನ ಮೇಲೆ ಬೀಳುವುದಿಲ್ಲ. ಇದರಿಂದ ಅರೆಬಲದ ಬ್ಯಾಟರಿಯೂ ಗೆಲ್ಲುವುದುಂಟು. ಹೀಟರು ಇರುವ ಎಂಜಿನಾದರೆ ಅದರ ದೀಪವು ಆರುವವರೆಗೆ ಕಾಯಬೇಕು. ಸೆಲ್ಫನ್ನು ಒಂದು ಸಲಕ್ಕೆ ೧೦ ಸೆಕೆಂಡಿಗಿಂತ ಹೆಚ್ಚು ಎಳೆಯಕೂಡದು. ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಬಾವಿಯ ಮೇಲಿನ ಹ್ಯಾಂಡಲ್ ತಿರುವುವ ಎಂಜಿನುಗಳಿಗೆ ಉಗುರುಬೆಚ್ಚಗಿನ ನೀರನ್ನು ತೊಟ್ಟಿಗೆ ಹೊಯ್ಯುವುದು ಒಳ್ಳೆಯ ಉಪಾಯ. ಕುದಿಯುವ ನೀರನ್ನು ಮಾತ್ರ ಹೊಯ್ಯಬಾರದು. ತಣ್ಣಗಿನ ಬೀಡು ಕಬ್ಬಿಣವು ಒಮ್ಮೆಲೇ ಕಾಯ್ದರೆ ಬಿರಿಯುತ್ತದೆ.

ಎಂಜಿನು ಚಾಲೂ ಆದ ಮೇಲೆ ಚಾಲಕರು ಎರಡು ಬಗೆಯಾಗಿ ತಪ್ಪುತ್ತಾರೆ. ಕೆಲವರು ಚಾಲೂ ಆದ ಕೂಡಲೇ ಎಕ್ಸಲೇಟರನ್ನು ಎಳೆದು ಗರ್ಜಿಸಿ, ತುಂಬಿದ ಟ್ರೇಲರುಗಳನ್ನು ಎಳೆಯತೊಡಗುತ್ತಾರೆ. ರಾತ್ರಿಯೆಲ್ಲ ಸಂಪಿಗೆ ಇಳಿದು ಕುಳಿತ ಆಯಿಲು ಮೇಲಿನ ಭಾಗಗಳನ್ನು ಮುಟ್ಟಲು ಕೆಲವು ಸೆಕೆಂಡುಗಳು ಬೇಕು. ಅಷ್ಟರಲ್ಲಿ ಲೋಹಕ್ಕೆ ಲೋಹವು ಉಜ್ಜುತ್ತದೆ. ಟರ್ಬೋ ಕೂಡಿಸಿದ ಎಂಜಿನುಗಳಿಗಂತೂ ಇದು ನೇರವಾದ ಪೆಟ್ಟು. ಇನ್ನು ಕೆಲವರು ಎಂಜಿನನ್ನು ನಿಧಾನಗತಿಯಲ್ಲಿ ಬಿಟ್ಟು, ಚಹಾ ಕುಡಿದು, ಅರ್ಧ ತಾಸಿನ ಮೇಲೆ ಬರುತ್ತಾರೆ. ಇದನ್ನು ಎಂಜಿನಿನ ಮೇಲಿನ ಮಮತೆಯೆಂದು ಹಳ್ಳಿಗಳಲ್ಲಿ ಎಣಿಸುವುದು ವಾಡಿಕೆ. ವಾಸ್ತವದಲ್ಲಿ ಇದೂ ಕೇಡೇ. ಭಾರವಿಲ್ಲದೆ ಮೆಲ್ಲಗೆ ತಿರುಗುವ ಡೀಸೆಲ್ ಎಂಜಿನು ಬೇಗ ಕಾಯುವುದಿಲ್ಲ. ಪೂರ್ತಿ ಉರಿಯದ ಡೀಸೆಲ್ಲು ಸಿಲಿಂಡರಿನ ಗೋಡೆಯ ಮೇಲಿನ ಆಯಿಲನ್ನು ತೊಳೆದು ಸಂಪಿಗೆ ಇಳಿದು ಆಯಿಲನ್ನು ತೆಳ್ಳಗೆ ಮಾಡುತ್ತದೆ, ನಾಜಲ್ಲುಗಳ ಬಾಯಿಗೆ ಮಸಿ ಕಟ್ಟುತ್ತದೆ. ತಾಸೊಂದಕ್ಕೆ ಸುಮಾರು ಒಂದು ಲೀಟರಿನಷ್ಟು ಡೀಸೆಲ್ಲು ವ್ಯರ್ಥವಾಗುವುದು ಬೇರೆ. ಕಾರ್ಖಾನೆಯ ಅಂಗಳದಲ್ಲಿ ಪಾಳಿ ಕಾಯುತ್ತ ಎಂಜಿನನ್ನು ಬಿಟ್ಟು ಮಲಗುವವರು ಈ ಲೆಕ್ಕವನ್ನು ಹಂಗಾಮಿನ ದಿನಗಳಿಂದ ಗುಣಿಸಿ ನೋಡಬೇಕು.

ಸರಿಯಾದ ಕ್ರಮವು ಇವೆರಡರ ನಡುವೆ ಇದೆ. ಚಾಲೂ ಆದ ಮೇಲೆ ಆಯಿಲಿನ ದೀಪವು ಆರಿತೇ ಎಂದು ಮೊದಲು ನೋಡಬೇಕು. ಎರಡು ಮೂರು ನಿಮಿಷ, ನಿಧಾನಗತಿಗಿಂತ ತುಸು ಹೆಚ್ಚಾಗಿ, ನಿಮಿಷಕ್ಕೆ ೧೦೦೦ ಸುತ್ತುಗಳ ಸುಮಾರಿನಲ್ಲಿ ನಡೆಸಬೇಕು. ಆ ಬಳಿಕ ಹೊರಟುಬಿಡಬೇಕು. ಆದರೆ ಮೊದಲ ಹತ್ತು ನಿಮಿಷ ಹಗುರವಾಗಿ, ಕೆಳಗಿನ ಗೇರುಗಳಲ್ಲಿ. ಬರಿದಾದ ಟ್ರೇಲರನ್ನು ಹೊಲಕ್ಕೆ ಒಯ್ಯುವ ಕೆಲಸವನ್ನು ಈ ವೇಳೆಗೆ ಇಟ್ಟುಕೊಂಡರೆ ಎಂಜಿನಿನ ಜೊತೆಗೆ ಗೇರುಪೆಟ್ಟಿಗೆಯೂ ಹೈಡ್ರಾಲಿಕ್ಕಿನ ಎಣ್ಣೆಯೂ ಕಾಯುತ್ತವೆ. ನಿಂತಲ್ಲಿ ಎಷ್ಟು ಹೊತ್ತು ಓಡಿಸಿದರೂ ಇವೆರಡು ಸರಿಯಾಗಿ ಕಾಯಲಾರವು. ಮೊದಲಿಗೆ ಬಿಳಿಯ ಹೊಗೆ ಬಂದರೆ ಹೆದರಬೇಕಾಗಿಲ್ಲ. ಎಂಜಿನು ಕಾಯ್ದ ಮೇಲೆಯೂ ಅದು ನಿಲ್ಲದಿದ್ದರೆ ನಾಜಲ್ಲುಗಳನ್ನು ಪರೀಕ್ಷಿಸಿಸಬೇಕು. ಹೊಸ ನಮೂನೆಯ ಮೋಟಾರುಬಂಡಿಗಳಿಗೂ ಮೋಟಾರುಸೈಕಲ್ಲುಗಳಿಗೂ ಅರ್ಧ ನಿಮಿಷವೇ ಸಾಕು.

ಬಹುಕಾಲ ಕಾಯಿಸುವ ರೂಢಿಯು ನಿರಾಧಾರವಾಗಿ ಹುಟ್ಟಿದ್ದೇನೂ ಅಲ್ಲ. ಜರ್ಮನಿಯಲ್ಲಿ ೧೯೨೧ರಲ್ಲಿ ಹೊರಟ ಲಾಂಜ್ ಬುಲ್‌ಡಾಗ್ ಟ್ರ್ಯಾಕ್ಟರಿನ ತಲೆಯನ್ನು ಊದುದೀಪದಿಂದ ಕೆಂಪಗೆ ಕಾಯಿಸದೆ ಅದು ಏಳುತ್ತಿರಲಿಲ್ಲ. ಪೆಟ್ರೋಲಿನಿಂದ ಎಬ್ಬಿಸಿ ಸೀಮೆಎಣ್ಣೆಯಿಂದ ನಡೆಸುವ ಟ್ರ್ಯಾಕ್ಟರುಗಳನ್ನು ಪೂರ್ತಿ ಕಾಯಿಸದೆ ಸೀಮೆಎಣ್ಣೆಗೆ ತಿರುಗಿಸಿದರೆ ಅದು ಹಸಿಯಾಗಿಯೇ ಸಂಪಿಗೆ ಇಳಿಯುತ್ತಿತ್ತು. ಆ ಯಂತ್ರಗಳಿಗೆ ಯೋಗ್ಯವಾಗಿದ್ದ ನಿಯಮವು ಯಂತ್ರಗಳು ಬದಲಾದರೂ ಬಾಯಿಂದ ಬಾಯಿಗೆ ಉಳಿದುಬಂದಿದೆ.

ಊರ ಹಿರಿಯರೂ ಟ್ರ್ಯಾಕ್ಟರಿನ ಒಡೆಯರೂ ವಿಶೇಷವಾಗಿ ಲಕ್ಷ್ಯ ಕೊಡಬೇಕಾದ ಸಂಗತಿಗಳು ಕೆಲವುಂಟು; ಇವುಗಳಲ್ಲಿ ಪ್ರಾಣದ ಪ್ರಶ್ನೆಯೇ ಇದೆ. ಬ್ಯಾಟರಿ ಸೋತಾಗ ನೆಲದ ಮೇಲೆ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫಿನ ತುದಿಗಳನ್ನು ಕೂಡಿಸುವ ಪದ್ಧತಿಯನ್ನು ಕಡ್ಡಾಯವಾಗಿ ನಿಲ್ಲಿಸತಕ್ಕದ್ದು. ಗೇರು ಬಿದ್ದಿದ್ದರೆ ಎಂಜಿನು ಎದ್ದ ಕ್ಷಣವೇ ಟ್ರ್ಯಾಕ್ಟರು ಮುಂದಕ್ಕೆ ಹಾಯುತ್ತದೆ. ಆಗ ದೊಡ್ಡ ಗಾಲಿಯ ಮುಂದೆ ಇರುವವನು ಆ ಮನುಷ್ಯನೇ. ಸಂಪಿನ ಕೆಳಗೆ ಕಬ್ಬಿನ ರವದಿಯ ಬೆಂಕಿ ಹಾಕುವುದೂ ಇಂಥದೇ ಅವಿವೇಕ. ಎಣ್ಣೆಯ ಜಿಡ್ಡು ಹತ್ತಿದ ಎಂಜಿನಿಗೂ ಪಕ್ಕದ ಕಬ್ಬಿಗೂ ಒಂದೇ ಕಿಡಿ ಸಾಕು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಏರ್ ಕ್ಲೀನರಿನ ಬಾಯಿಗೆ ಹಿಡಿದರೆ ಎಂಜಿನು ಏಳುವುದೇನೋ ನಿಜ. ಆದರೆ ಪೆಟ್ರೋಲಿನ ಆವಿಯು ಹೊತ್ತಿಗೆ ಮುಂಚೆ ಸಿಡಿದು ರಿಂಗುಗಳನ್ನು ಮುರಿಯಬಲ್ಲದು. ಹಂಗಾಮಿನ ನಡುವೆ ಎಂಜಿನು ಬಿಚ್ಚಿಸುವ ಖರ್ಚಿನ ಮುಂದೆ ಹೊಸ ಬ್ಯಾಟರಿಯ ಬೆಲೆಯು ಹೆಚ್ಚಿನದಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನು ಓಡಿಸಿದರೆ ಹೊಗೆಯಲ್ಲಿಯ ವಿಷಾನಿಲವು ವಾಸನೆಯಿಲ್ಲದೆ ಕೊಲ್ಲುತ್ತದೆ. ದನದ ಕೊಟ್ಟಿಗೆಯು ಶೆಡ್ಡಿಗೆ ಹೊಂದಿಕೊಂಡಿದ್ದರೆ ದನಗಳಿಗೂ ಇದೇ ಅಪಾಯವುಂಟು.

ಬೇಸಿಗೆಯಲ್ಲಿ ಎಂಜಿನು ಕುದಿಯುತ್ತದೆಂದು ಮಿಸ್ತ್ರಿಗಳು ಥರ್ಮೋಸ್ಟಾಟನ್ನು ಕಿತ್ತು ಹಾಕುವುದುಂಟು. ಇದು ಎಂಜಿನು ಸುಮಾರು ೮೦ ಡಿಗ್ರಿಗೆ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು. ಬಾಗಿಲಿಲ್ಲದ ಎಂಜಿನು ಚಳಿಗಾಲದ ಬೆಳಗಿನಲ್ಲಿ ಬಹಳ ಹೊತ್ತು ಅರೆಬಿಸಿಯಾಗಿಯೇ ದುಡಿದು ಸವೆಯುತ್ತದೆ. ಕುದಿಯುವ ಎಂಜಿನಿಗೆ ರೇಡಿಯೇಟರಿನ ಕಸ ತೆಗೆಯುವುದೇ ಮೊದಲ ಚಿಕಿತ್ಸೆ. ಕಬ್ಬಿನ ಹೊಲದಲ್ಲಿ ಅದು ರವದಿಯ ಪುಡಿಯಿಂದ ಬೇಗನೆ ಕಟ್ಟಿಕೊಳ್ಳುತ್ತದೆ. ರೇಡಿಯೇಟರಿಗೆ ಗೋಣಿಚೀಲ ಹೊದಿಸುವ ಕೆಲಸವು ನಮ್ಮ ಸೀಮೆಗೆ ಬೇಕಾಗಿಲ್ಲ. ನಸುಕಿನಲ್ಲಿ ಹೊದಿಸಿದ ಚೀಲವನ್ನು ಬಿಸಿಲೇರಿದ ಮೇಲೆ ಮರೆಯುವವರೇ ಹೆಚ್ಚು.

ಡೀಸೆಲ್ಲೇ ಹೆಪ್ಪುಗಟ್ಟುವ ಚಳಿಯು ಲಡಾಖಿನಂಥ ಪ್ರದೇಶಗಳದು; ಅಲ್ಲಿಗಾಗಿ ಇಂಡಿಯನ್ ಆಯಿಲ್ ಸಂಸ್ಥೆಯು ೨೦೧೯ರಲ್ಲಿ ಶೂನ್ಯಕ್ಕಿಂತ ೩೩ ಡಿಗ್ರಿ ಕೆಳಗಿನವರೆಗೂ ಹರಿಯುವ ಡೀಸೆಲ್ಲನ್ನು ಹೊರತಂದಿತು. ಕುಲಗೋಡದಲ್ಲಿ ಆ ಭಯವಿಲ್ಲ. ಆದರೂ ಬೇಸಿಗೆಯ ಡೀಸೆಲ್ಲಿಗೂ ಚಳಿಗಾಲದ ಡೀಸೆಲ್ಲಿಗೂ ಭಾರತೀಯ ಮಾನಕದಲ್ಲಿ ಬೇರೆ ಬೇರೆ ಮಿತಿಗಳಿವೆ. ಏಪ್ರಿಲ್ಲಿನಲ್ಲಿ ಬ್ಯಾರಲ್ಲಿಗೆ ತುಂಬಿಟ್ಟ ಡೀಸೆಲ್ಲಿನಲ್ಲಿ ಡಿಸೆಂಬರಿನ ನಸುಕಿಗೆ ಮೇಣದ ಕಣಗಳು ಕಾಣಿಸಿಕೊಂಡು ಫಿಲ್ಟರನ್ನು ಕಟ್ಟಬಹುದು. ಬ್ಯಾರಲ್ಲಿನಲ್ಲಿ ಉಳಿದದ್ದನ್ನು ದಸರೆಯೊಳಗೆ ತೀರಿಸಿ, ಹೊಸದಾಗಿ ತುಂಬಿಸಬೇಕು. ಟಾಕಿಯನ್ನು ಸಂಜೆಯೇ ತುಂಬಿಸಿಟ್ಟರೆ ಬರಿದಾದ ಜಾಗದಲ್ಲಿ ರಾತ್ರಿಯ ಗಾಳಿಯ ತೇವವು ನೀರಾಗಿ ಇಳಿಯುವುದು ತಪ್ಪುತ್ತದೆ. ಫಿಲ್ಟರಿನ ಕೆಳಗಿನ ತಿರುಪನ್ನು ಬೆಳಿಗ್ಗೆ ಚಾಲೂ ಮಾಡುವ ಮುನ್ನ ತುಸು ಸಡಿಲಿಸಿ, ತಳದಲ್ಲಿ ನಿಂತ ನೀರನ್ನು ಬಸಿದು, ಮತ್ತೆ ಬಿಗಿ ಮಾಡಬೇಕು.